ನಮ್ಮೂರ ಲಿಫ್ಟರನ್ನ ನಾನು ಬದಲಾಯಿಸಿದ್ದು

ಆಡೋರು ಆರು ಜನ, ಆಡಿಸೋರು ಊರು ತುಂಬ. ಹಿಂಗಿರೋವಾಗ ನಮ್ಮೂರಲ್ಲಿ ಏನಾದರೂ ಒಂದು ಆಗ್ತಾನೇ ಇರುತ್ತೆ. ಅದರಲ್ಲಿ ಹೆಚ್ಚಿನದು ನನ್ನ ಬಾಯಿಂದಲೇ ಆಗುತ್ತೆ.

ನಮ್ಮೂರು ಶಿರಾ ತಾಲ್ಲೂಕು, ಪಟ್ಟನಾಯಕನಹಳ್ಳಿ ಕಡೆ. ನಾನು ಶಿರಾ ಮಂಡಿಯಲ್ಲಿ ಕಡ್ಲೆಕಾಯಿ ಮೂಟೆ ಹೊತ್ತವನು. ಓದಿದ್ದು ಕಮ್ಮಿ, ಕೂಗಿದ್ದು ಜಾಸ್ತಿ. ಅದಕ್ಕೇ ಗಂಟಲು ದೊಡ್ಡದಾಯ್ತು. ಗಂಟಲು ದೊಡ್ಡದಿದ್ದರೆ ಬುದ್ಧೀನೂ ದೊಡ್ಡದಿರಬೇಕು ಅಂತ ಜನ ಅಂದ್ಕತಾರೆ.

ನಮ್ಮೂರಿಗೊಂದು ವಾಲಿಬಾಲ್ ಟೀಮ್ ಇದೆ. ವಾಲಿಬಾಲಲ್ಲಿ ಲಿಫ್ಟರ್ ಅಂತ ಒಬ್ಬ ಇರ್ತಾನೆ. ಅವನು ಬಾಲನ್ನ ನೆಟ್ಟಿನ ಹತ್ತಿರ ಮೇಲಕ್ಕೆ ಎತ್ತಿಕೊಡಬೇಕು. ಇನ್ನೊಬ್ಬ ನೆಗೆದು ಹೊಡೀಬೇಕು. ಗೆದ್ದರೆ ಹೊಡೆದೋನ ಹೆಸರು. ಸೋತರೆ ಎತ್ತಿಕೊಟ್ಟೋನ ಹೆಸರು.

ನಮ್ಮ ಲಿಫ್ಟರ್ ಊರಿಗೆ ನೀರು ಬಿಡೋ ವಾಟರ್‌ಮ್ಯಾನು. ನನ್ನ ಹೆಂಡತಿ ಅವನ ಕಡೆ. ನಾನು ಅವನಿಗೆ ಎದುರು. ಅವಳು ಗ್ರೌಂಡಿನ ಪಕ್ಕದ ಗೋಡೆ ಮೇಲೆ ಕೂತು ಕಡ್ಲೆಕಾಯಿ ಬಿಡಿಸ್ತಾ, "ಅವನು ಕೊಡ್ತಾ ಅವ್ನೆ, ಇವರು ಹೊಡೀತಾ ಇಲ್ಲ. ಅವನ್ನ ಯಾಕೆ ಬಯ್ತೀಯ?" ಅನ್ನೋಳು. ನಾನು ಬಯ್ಯೋನು. ನೆಟ್ಟು ಹರಿದಾಗ ಗೋಣಿದಾರ ಹಾಕಿ ಹೊಲಿದವಳೂ ಅವಳೇ. ಆ ಗಂಟುಗಳು ಈಗಲೂ ಇದಾವೆ.

ಅವಳು ಹೋಗಿ ವರ್ಷ ಆಗ್ತಾ ಬಂತು. ಮನೇಲಿ ಎದುರು ಮಾತಾಡೋರು ಇಲ್ಲ. ಅದಕ್ಕೆ ಹಾಲಿನ ಡೈರೀಲಿ ನಿಂತು ಊರಿಗೆಲ್ಲ ಮಾತಾಡ್ತೀನಿ.

ಈ ಸಲ ನಾಲ್ಕು ತಾಲ್ಲೂಕಿನ ಪಂದ್ಯ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಒಂದೊಂದು ಭಾನುವಾರ ಒಂದೊಂದು ಕಡೆ. ಎಲ್ಲಾ ಕಡೆ ಸೋತ ಟೀಮನ್ನ ಮುಂದಿನ ವರ್ಷ ಕರೆಯೋದಿಲ್ಲ. ಹಂಗೇನಾದರೂ ಆದರೆ ಗ್ರೌಂಡು ಕ್ರಿಕೆಟ್ ಹುಡುಗರಿಗೆ ಅಂತ ಊರಲ್ಲಿ ಮಾತಾಗಿತ್ತು. ಕ್ರಿಕೆಟ್ಟಿಗೆ ನಮ್ಮ ನೆಟ್ಟು ಬೇಕಾಗಿಲ್ಲ. ಬಿಚ್ಚಿ ಸುತ್ತಿ ಎಲ್ಲಾದರೂ ಒಗೀತಾರೆ. ಅವಳ ಗಂಟುಗಳ ಸಮೇತ.

ಅದಕ್ಕೇ ನನಗೆ ಟೀಮ್ ಗೆಲ್ಲಲೇಬೇಕಿತ್ತು.

ನೀರು

ಶಿರಾದಲ್ಲಿ ಸೋತೆವು. ಮಾರನೇ ಬೆಳಿಗ್ಗೆ ಡೈರೀಲಿ ಹಾಲಿನ ಕ್ಯಾನ್ ಹಿಡಿದು ಸಾಲಲ್ಲಿ ನಿಂತಿದ್ದೆವು. ಡೈರಿ ಸೆಕ್ರೆಟರಿಯೇ ಟೀಮಿನ ಕ್ಯಾಪ್ಟನ್ನು. ಹಾಲು ಅಳೀತಾ, "ಏನ್ ಮಾಡಾಣ ಮಾವ?" ಅಂದ.

"ಲಿಫ್ಟರನ್ನ ತೆಗೀಲಾ," ಅಂದೆ. "ಅವನ ಕೈಯಲ್ಲಿ ಜೀವ ಇಲ್ಲ. ನೀರಿನ ವಾಲ್ ತಿರುಗಿಸಿ ತಿರುಗಿಸಿ ಬೆರಳೆಲ್ಲ ಸೆಟೆದು ಹೋಗವೆ. ನಮ್ಮೂರ ಜೆಸಿಬಿ ಡ್ರೈವರ್ನ ಹಾಕು. ಎತ್ತರದಾಳು."

ಯಾರೂ ಮಾತಾಡಲಿಲ್ಲ. ನನ್ನ ಮಾತಿಗೆ ಬೆರಗಾದರು ಅಂದ್ಕಂಡೆ. ಇನ್ನೂ ಸ್ವಲ್ಪ ಮಾತಾಡಿದೆ. ಅವನ ಕಾಲಿನ ಬಗ್ಗೆ, ಕಣ್ಣಿನ ಬಗ್ಗೆ, ಅವರಪ್ಪನ ಬಗ್ಗೆ. ಆಮೇಲೆ ತಿರುಗಿ ನೋಡಿದರೆ ನನ್ನ ಹಿಂದೆ ಕ್ಯಾನ್ ಹಿಡಕಂಡು ನಿಂತಿದ್ದೋನೇ ವಾಟರ್‌ಮ್ಯಾನು.

ಅವನು ಹಾಲು ಹಾಕಿ ಹೋದ.

ಮಾರನೇ ದಿನ ನಮ್ಮ ಬೀದಿಗೆ ನೀರಿಲ್ಲ. "ಪೈಪ್ ಬ್ಲಾಕ್ ಆಗೈತೆ," ಅಂದ. ಅದರ ಮಾರನೇ ದಿನವೂ ಪೈಪ್ ಬ್ಲಾಕೇ. ಮೇಲಿನ ಬೀದಿಯ ನಲ್ಲೀಲಿ ನೀರು ಧೋ ಅಂತ ಸುರೀತಿತ್ತು. ಎರಡು ಬಿಂದಿಗೆ ತಗಂಡು ಹೋದೆ. ಹೆಂಗಸರ ಸಾಲಲ್ಲಿ ನಾನೊಬ್ಬನೇ ಗಂಡಸು. ಅವಳು ಇದ್ದಾಗ ನಮ್ಮನೆಗೆ ನೀರು ಎಲ್ಲಿಂದ ಬರುತ್ತೆ ಅಂತಲೂ ನಾನು ಕೇಳಿದೋನಲ್ಲ.

ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಕಂಡು ಕೇಳಿದಳು. "ಏನ್ ಮಾವ, ನಮ್ಮ ಲಿಫ್ಟರ್ ಹೆಂಗೆ ಆಡ್ತಾನೆ?"

ಬಿಂದಿಗೆ ನಲ್ಲಿ ಕೆಳಗೆ ಇಟ್ಟು ಹೇಳಿದೆ. "ಭಾಳ ಒಳ್ಳೆ ಆಟಗಾರ ಕಣಮ್ಮ."

ಜೆಸಿಬಿ

ನಲ್ಲಿ ಹತ್ತಿರ ಹಂಗಂದೆ. ಡೈರೀಲಿ ಮಾತ್ರ ಅವನ್ನ ತೆಗೀಲಾ ಅಂತಲೇ ಅಂದೆ. ಕೊನೆಗೆ ಕ್ಯಾಪ್ಟನ್ನು ಮಧುಗಿರಿಗೆ ಜೆಸಿಬಿ ಡ್ರೈವರನ್ನೇ ಹಾಕಿದ. ವಾಟರ್‌ಮ್ಯಾನು ಕೋಪ ಮಾಡ್ಕಂಡು ಊರಲ್ಲೇ ಉಳಿದ. ನಾವು ಗೂಡ್ಸ್ ಟೆಂಪೋದಲ್ಲಿ ಹೋದೆವು. ಟೀಮ್ ಆರೇ ಜನ. ಮಿಕ್ಕೋರೆಲ್ಲ ನನ್ನಂಗೆ ಬುದ್ಧಿ ಹೇಳೋರು.

ದಾರಿಯುದ್ದಕ್ಕೂ ಜೆಸಿಬಿ ಹುಡುಗನಿಗೆ ಪಾಠ ಮಾಡಿದೆ. "ಮೇಲಕ್ಕೆ ಎತ್ತಬೇಕು ಕಣ್ಲಾ. ಇನ್ನೂ ಮೇಲಕ್ಕೆ."

ಅವನು ನನ್ನ ಮಾತನ್ನ ಚಾಚೂ ತಪ್ಪದೆ ಕೇಳಿದ. ಬಾಲು ಮಧುಗಿರಿ ಬೆಟ್ಟದ ಮೇಲಿನ ಕೋಟೆ ನೋಡ್ಕಂಡು ಬರೋ ಹಂಗೆ ಹೋಯ್ತು. ಹೊಡೆಯೋನು ಒಂದು ಸಲ ನೆಗೆದ. ಇಳಿದ. ಬಾಲು ಇನ್ನೂ ಬಂದಿಲ್ಲ. ಸೊಂಟದ ಮೇಲೆ ಕೈ ಇಟ್ಕಂಡು ನಿಂತ. ಕೈ ಇಟ್ಟ ಮೇಲೆ ಬಂತು.

ಎರಡನೇ ಸೆಟ್ಟಿನ ಮಧ್ಯೆ ಅವನ ಫೋನು ಬಡಕಂತು. ಎಲ್ಲೋ ಲಾರಿ ಹಳ್ಳಕ್ಕೆ ಇಳಿದಿದೆಯಂತೆ. ಓನರ್ ಕರೀತಾವ್ನೆ ಅಂತ ಅಂಗಿ ಹಾಕ್ಕಂಡು ಹೊರಟೇಬುಟ್ಟ.

ಅಂಪೈರು, "ಆರು ಜನ ಇಲ್ಲ ಅಂದ್ರೆ ಮ್ಯಾಚ್ ಅವರಿಗೆ," ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. "ಲಿಫ್ಟಿಂಗ್ ಬಗ್ಗೆ ಎಲ್ಲಾ ಗೊತ್ತಿರೋನು ನೀನೇ ಅಲ್ವಾ ಮಾವ?" ಅಂತ ಕ್ಯಾಪ್ಟನ್ನು ಕೈ ಹಿಡಿದು ಎಳಕಂಡ.

ಪಂಚೆ ಎತ್ತಿ ಕಟ್ಟಿ ಒಳಕ್ಕೆ ಹೋದೆ. ಗೋಡೆ ಮೇಲೆ ಕೂತು ನೋಡೋವಾಗ ಬಾಲು ಮೆತ್ತಗೆ ಬರುತ್ತೆ. ಒಳಗೆ ನಿಂತರೆ ತೆಂಗಿನಕಾಯಿ ಥರ ಬರುತ್ತೆ. ಎರಡೂ ಕೈ ಎತ್ತಿದೆ. ಕಣ್ಣು ಮುಚ್ಚಿದೆ. ಬಾಲು ಕೈಗಳ ಮಧ್ಯೆ ತೂರಿ ನನ್ನ ಬೋಳು ತಲೆ ಮೇಲೆ ಬಿದ್ದು, ನೆಟ್ಟು ದಾಟಿ, ಆ ಕಡೆ ಯಾರೂ ಇಲ್ಲದ ಜಾಗದಲ್ಲಿ ಬಿತ್ತು. ಪಾಯಿಂಟ್ ನಮ್ಮದು!

ಮ್ಯಾಚ್ ಸೋತೆವು. ಆದರೆ ಆ ದಿನ ನಮ್ಮ ಕಡೆಯಿಂದ ಬಿದ್ದ ಒಳ್ಳೇ ಬಾಲ್ ಅದೊಂದೇ. ಬರೋವಾಗ ಟೆಂಪೋದಲ್ಲಿ ಕ್ಯಾಪ್ಟನ್ನು ಅಂದ. "ಮುಂದಿನ ವಾರ ಮಾವನ ತಲೇನ ಒಂದನ್ನೇ ಕರ್ಕಂಡು ಹೋಗಾಣ. ಬಾಯಿ ಊರಲ್ಲೇ ಇರಲಿ."

ಕೇಳಿಸಿಕೊಂಡೋರು

ಬಾಯೂ ಬಂತು. ಕೊರಟಗೆರೆಗೆ ಬೇಗ ತಲುಪಿದೆವು. ಹುಡುಗರು ಗ್ರೌಂಡಿಗೆ ಹೋದರು. ನಾನು ಇಡ್ಲಿ ತಿನ್ನಕ್ಕೆ ಹೋಟ್ಲಿಗೆ ಹೋದೆ. ಎದುರುಗಡೆ ಒಬ್ಬರು ಬಂದು ಕೂತರು. ಬಿಳೀ ಟೀ ಶರ್ಟು. ಶಾಂತ ಮುಖ.

"ಯಾವೂರು ಯಜಮಾನ್ರೇ?"

"ಶಿರಾ ಕಡೆ. ಮ್ಯಾಚಿಗೆ ಬಂದಿದೀವಿ."

"ಓಹೋ. ಟೀಮ್ ಹೆಂಗಿದೆ?"

ಇಂಥ ಪ್ರಶ್ನೆ ನನ್ನನ್ನ ಕೇಳಬಾರದು. ಶುರು ಮಾಡಿದೆ. ವಾಟರ್‌ಮ್ಯಾನನ್ನ ಯಾಕೆ ತೆಗೆಸಿದೆ, ಜೆಸಿಬಿಯನ್ನ ಯಾಕೆ ಹಾಕಿಸಿದೆ, ಎಲ್ಲಾ ಹೇಳಿದೆ. ಜೆಸಿಬಿ ಹುಡುಗ ಬಾಲ್ ಎತ್ತೋಕೆ ಮುಂಚೆ ಯಾರಿಗೆ ಕೊಡ್ತಾನೋ ಅವನ ಮುಖ ನೋಡ್ತಾನೆ ಅಂತ ಹೇಳಿದೆ. ಹೊಡೆಯೋನು ಯಾವಾಗಲೂ ಎಡಗಡೆ ಮೂಲೆಗೇ ಹೊಡೀತಾನೆ, ಮೊನ್ನೆಯಿಂದ ಅವನಿಗೆ ಮಂಡಿನೋವು, ಅದನ್ನೂ ಹೇಳಿದೆ. ಅವರು ಅಡ್ಡಮಾತು ಆಡಲಿಲ್ಲ. "ಹೌದಾ? ಆಮೇಲೆ?" ಅಂತ ಕೇಳಿದರು. ಕಾಫಿ ತರಿಸಿದರು. ಮಾತು ಮ್ಯಾಚ್ ಬಿಟ್ಟು ಮನೆಗೆ ಬಂತು. ಅವಳ ವಿಷಯ ಹೇಳಿದೆ. ನೆಟ್ಟಿನ ಗಂಟಿನ ವಿಷಯ ಹೇಳಿದೆ. ಅದನ್ನೂ ಪೂರ್ತಿ ಕೇಳಿದರು.

ಎದೆ ಹಗುರ ಆಯ್ತು. ಗ್ರೌಂಡಿಗೆ ಹೋದೆ. ಎದುರು ಟೀಮಿನ ಬೆಂಚಲ್ಲಿ ಅದೇ ಬಿಳೀ ಟೀ ಶರ್ಟು ಕೂತಿತ್ತು. ಕುತ್ತಿಗೇಲಿ ಸೀಟಿ. ಅವರ ಕೋಚು.

ಜೆಸಿಬಿ ಹುಡುಗ ಯಾರ ಮುಖ ನೋಡಿದನೋ ಅವನ ಮುಂದೆ ಅವರು ಮೂರು ಜನ ನೆಗೆದು ನಿಲ್ಲೋರು. ಎಡಗಡೆ ಮೂಲೇಲಿ ಒಬ್ಬ ಮೊದಲೇ ಕಾಯ್ತಿದ್ದ. ಬೇಗ ಸೋತೆವು.

ಊರಿಗೆ ಬರೋವಾಗ ಕ್ಯಾಪ್ಟನ್ನು, "ನಮ್ಮ ಆಟ ಅವರಿಗೆ ಹೆಂಗೆ ಗೊತ್ತಾಯ್ತು ಅಂತೀನಿ?" ಅಂತ ತಲೆ ಕೆರಕಂಡ.

ನಾನು ಟೆಂಪೋ ಹಿಂದೆ ಓಡೋ ರಸ್ತೆ ನೋಡ್ತಾ ಕೂತೆ. ಒಂದು ಮಾತಂತೂ ನಿಜ. ಅವಳು ಹೋದ ಮೇಲೆ ನನ್ನ ಮಾತನ್ನ ಅಷ್ಟು ಹೊತ್ತು ಕೂತು ಕೇಳಿದೋರು ಅವರೊಬ್ಬರೇ. ಕಾಫೀನೂ ಚೆನ್ನಾಗಿತ್ತು.

ಕಾಗೆ

ಉಳಿದಿದ್ದು ಪಾವಗಡ. ಸೋತರೆ ಮುಗೀತು. ಅದೇ ಭಾನುವಾರ ಅವಳ ವರ್ಷದ ಎಡೆ ಬಂತು. ಬೆಳಿಗ್ಗೆ ಎಡೆ, ಮಧ್ಯಾಹ್ನ ಮ್ಯಾಚು.

ಹೊಲದ ಬದುವಲ್ಲಿ ಹೊಂಗೆಮರದ ಕೆಳಗೆ ಅವಳನ್ನ ಮಣ್ಣು ಮಾಡಿದ ಗುಡ್ಡೆ. ಎಲೆ ಹಾಸಿ ಮುದ್ದೆ, ಅವರೇಕಾಳು ಸಾರು, ಒಬ್ಬಟ್ಟು, ಒಂದು ಹಿಡಿ ಹುರಿದ ಕಡ್ಲೆಕಾಯಿ ಇಟ್ಟೆವು. ಮಗಳು, ಅಳಿಯನ ಜೊತೆ ಟೀಮಿನೋರೂ ಬಂದಿದ್ದರು. ಪೂಜೆಗೆ ಬಿಂದಿಗೇಲಿ ನೀರು ಹೊತ್ತು ತಂದೋನು ವಾಟರ್‌ಮ್ಯಾನು. ನಾನು ಕರೆದಿರಲಿಲ್ಲ. ನನ್ನ ಮುಖಾನೂ ನೋಡಲಿಲ್ಲ. "ಅಕ್ಕಂಗೆ," ಅಂತ ಗುಡ್ಡೆ ಪಕ್ಕ ಇಳಿಸಿ ದೂರ ನಿಂತ.

ಪೂಜೆ ಮಾಡಿ ಎಲ್ಲರೂ ಹಿಂದಕ್ಕೆ ಸರಿದೆವು. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಸತ್ತೋರಿಗೆ ಸಮಾಧಾನ ಅಂತ. ಮುಟ್ಟದಿದ್ದರೆ ಅವರ ಮನಸ್ಸಲ್ಲಿ ಏನೋ ಉಳಿದಿದೆ ಅಂತ. ಆಗ ಇದ್ದೋರು ಒಬ್ಬೊಬ್ಬರಾಗಿ ಮಾತು ಕೊಡಬೇಕು.

ಕಾಗೆ ಬಂತು. ಕರೆಂಟ್ ತಂತಿ ಮೇಲೆ ಕೂತಿತು. ಇಳೀಲಿಲ್ಲ.

ಮಗಳು ಕೈ ಮುಗಿದಳು. "ಅಪ್ಪನ್ನ ಚೆನ್ನಾಗಿ ನೋಡ್ಕತೀನಿ ಕಣಮ್ಮ, ಬಾ." ಕಾಗೆ ರೆಕ್ಕೆ ಕೆರಕಂತು.

ಅಳಿಯ ಅಂದ. "ಅತ್ತೆ, ಹಬ್ಬಕ್ಕೆಲ್ಲ ಮಾವನ್ನ ಕರ್ಕಂಡು ಹೋಗ್ತೀವಿ." ಕಾಗೆ ಆ ಕಡೆ ತಿರುಗಿ ಕೂತಿತು.

ನಾನು ಅಂದೆ. "ಬೀಡಿ ಬುಡ್ತೀನಿ ಕಣೇ." ಕಾಗೆ ಅಲ್ಲಾಡಲಿಲ್ಲ. ನಾನು ಬುಡಲ್ಲ ಅಂತ ಅವಳಿಗೆ ಮುಂಚಿಂದಲೂ ಗೊತ್ತು.

ಬಿಸಿಲು ಏರ್ತಾ ಬಂತು. ರಸ್ತೇಲಿ ಟೆಂಪೋದೋನು ಹಾರನ್ ಹೊಡೀತಿದ್ದ. ಯಾರೂ ಕದಲೋ ಹಂಗಿಲ್ಲ. ಇನ್ನೇನು ಬೇಕೇ ನಿನಗೆ ಅಂತ ಮನಸ್ಸಲ್ಲೇ ಕೇಳಿದೆ.

ಪಕ್ಕದ ಮನೆ ಮುದುಕಿ ಎಲೆ ಅಡಿಕೆ ಉಗಿದು ಅಂದಳು. "ಲೇ, ನಂಗೆ ಗೊತ್ತು ಕಣ್ಲಾ ಅವಳಿಗೆ ಏನು ಬೇಕು ಅಂತ. ಗೋಡೆ ಮೇಲೆ ಕೂತು ಯಾರ ಪರವಾಗಿ ನಿನ್ ಜೊತೆ ಜಗಳ ಆಡ್ತಿದ್ಲು?"

ಎಲ್ಲರೂ ವಾಟರ್‌ಮ್ಯಾನನ್ನ ನೋಡಿದರು. ಆಮೇಲೆ ನನ್ನನ್ನ ನೋಡಿದರು. ವಾಟರ್‌ಮ್ಯಾನು ಕಾಗೇನ ನೋಡ್ತಿದ್ದ.

ಊರೆಲ್ಲ ಕೇಳೋ ಹಂಗೆ ಒಂದು ವರ್ಷ ಕೂಗಿದ್ದ ಗಂಟಲಲ್ಲಿ ಅವತ್ತು ಸ್ವರವೇ ಬರಲಿಲ್ಲ. ಮೆಲ್ಲಗೆ ಅಂದೆ. "ಆಯ್ತು ಕಣೇ. ಅವನೇ ಲಿಫ್ಟರು. ಬಾ, ಉಣ್ಣು."

ಕಾಗೆ ಸುಯ್ ಅಂತ ಇಳಿದು ಒಬ್ಬಟ್ಟಿಗೆ ಬಾಯಿ ಹಾಕ್ತು.

ಮಗಳು ಅತ್ತಳು. ನಾನೂ ಅತ್ತೆ. ಜೆಸಿಬಿ ಹುಡುಗ ಮಾತ್ರ, "ಇದೇನಣ್ಣ? ಕಾಗೆ ಮಾತು ಕೇಳ್ಕಂಡು ಟೀಮ್ ಮಾಡ್ತೀರಾ?" ಅಂದ.

ಕ್ಯಾಪ್ಟನ್ನು ಟೆಂಪೋ ಕಡೆ ಓಡ್ತಾ ಅಂದ. "ಇಷ್ಟು ದಿನ ಮಾವನ ಮಾತು ಕೇಳ್ಕಂಡು ಮಾಡ್ಲಿಲ್ವಾ? ಕಾಗೆ ಎಷ್ಟೋ ವಾಸಿ ಹತ್ಲಾ."

ಪಾವಗಡದಲ್ಲಿ ಎದುರು ಟೀಮಿಗೆ ತೆಲುಗು ಗಡಿಯ ಕ್ಯಾತಗಾನಚೆರ್ಲು ಕಡೆ ಹುಡುಗರೂ ಸೇರಿದ್ದರು. ಹೊಸ ಜರ್ಸಿ, ಹೊಸ ಬೂಟು. ಅವರ ಕಡೆಯ ಒಬ್ಬ ಮುದುಕ ನನ್ನ ಪಕ್ಕ ಕೂತು, "ಏಂ ಅಣ್ಣಾ, ಮೀ ಟೀಮ್ ಎಲಾ ಉಂದಿ?" ಅಂತ ತೆಲುಗಲ್ಲಿ ಕೇಳಿದ. ನಮ್ಮ ಟೀಮ್ ಹೆಂಗಿದೆ ಅಂತ. ಹುಟ್ಟಿದ ಮೇಲೆ ಮೊದಲನೇ ಸಲ, "ನಂಗೇನೂ ಗೊತ್ತಿಲ್ಲ," ಅಂದೆ.

ವಾಟರ್‌ಮ್ಯಾನು ಚೆನ್ನಾಗೇ ಎತ್ತಿಕೊಟ್ಟ. ಹೊಡೆಯೋನು ಮಂಡಿ ಮರೆತು ಹೊಡೆದ. ಮೊದಲ ಸೆಟ್ಟು ಅವರದು, ಆಮೇಲೆ ಎರಡೂ ನಮ್ಮವು. ಕೊನೇ ಪಾಯಿಂಟಿಗೆ ಎಲ್ಲರೂ ಕುಣಿದರು. ನಾನು ಟವೆಲ್ಲಲ್ಲಿ ಮುಖ ಒರೆಸ್ಕಂತ ಕೂತಿದ್ದೆ. ನೆಟ್ಟು ಬಿಚ್ಚೋ ಮಾತು ನಿಂತಿತು.

ಮಾರನೇ ಬೆಳಿಗ್ಗೆ ನಮ್ಮ ನಲ್ಲೀಲಿ ನೀರು ಬಂತು. ಬಿಂದಿಗೆ ತುಂಬಿಸಿಟ್ಟು ಡೈರಿಗೆ ಹೋದೆ. ಗೆದ್ದ ಖುಷಿ. ಅಭ್ಯಾಸ ಬೇರೆ. ಸಾಲಲ್ಲಿ ನಿಂತು ಗಂಟಲು ಸರಿ ಮಾಡ್ಕಂಡೆ.

"ಲಿಫ್ಟರ್ ಇರಲಿ ಬುಡ್ರಲಾ. ಈಗ ಆ ಹೊಡೆಯೋನ್ನ ಬದಲಾಯಿಸಬೇಕು…"

ಡೈರಿ ಶೀಟಿನ ಮೇಲಿಂದ ಕಾಗೆಯೊಂದು ಕಾ ಅಂತು.

ಸಾಲೆಲ್ಲ ತಿರುಗಿ ನನ್ನನ್ನೇ ನೋಡ್ತು. ಹಾಲು ಅಳೀತಿದ್ದ ಕ್ಯಾಪ್ಟನ್ನು ಕೈ ಹಂಗೇ ನಿಲ್ಲಿಸಿ, "ಏನಂದೆ ಮಾವ?" ಅಂದ.

"ಏನಿಲ್ಲ," ಅಂದೆ. "ಅವನೂ ಇರಲಿ."

ಮನೇಲಿ ನನ್ನನ್ನ ಗೆದ್ದಿದ್ದು ಸಾಲದು ಅಂತ, ಈಗ ಡೈರಿಗೂ ಬಂದವ್ಳೆ.