ಸುತ್ತ ಒಂದಿಂಚು

ಆನೆಯ ಎತ್ತರ ಹದಿನಾಲ್ಕು ಇಂಚು, ಗಾಜಿನ ಕಪಾಟಿನ ಅಂತಸ್ತು ಹನ್ನೆರಡೇ ಇಂಚು. ಆ ಎರಡಿಂಚಿನ ಸಲುವಾಗಿ ವಿನೋಬನಗರದಲ್ಲಿ ಆವತ್ತು ಎದ್ದ ಗದ್ದಲ ಎಂಥದ್ದೆಂದರೆ, ಪಿ.ಜೆ. ಬಡಾವಣೆಯ ದವಾಖಾನೆಗಳಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದವರೂ ಎದ್ದು ಕೂತು ಏನಾಯಿತೆಂದು ಕೇಳಿದರು.

ಆನೆ ಬಟ್ಟೆಯದು, ಹೊಟ್ಟೆಯೊಳಗೆ ಹತ್ತಿ. ಹೊಲಿದವರು ಟೈಲರ್ ಮೌಲಾ ಸಾಬ್. ಕಪಾಟು ಹರಿಹರದ ಶಿವಯೋಗಪ್ಪನವರದು. ಅವರ ಹೊಸ ಆಟಿಕೆ ಅಂಗಡಿಗೆ ಅಂದು ಸಂಜೆ ಪೂಜೆ. ಅಷ್ಟರೊಳಗೆ ಅಂತಸ್ತಿನಲ್ಲಿ ಹಿಡಿಸುವ ಆನೆಯೊಂದನ್ನು ತಂದು ತೋರಿಸಿದರೆ ವರ್ಷವಿಡೀ ಆ ಅಂಗಡಿಯ ಆನೆಗಳೆಲ್ಲ ಸಾಬರವೇ. ಇಲ್ಲದಿದ್ದರೆ ಆ ಜಾಗಕ್ಕೆ ಪ್ಲಾಸ್ಟಿಕ್ ಗೊಂಬೆ. ಸಾಬರಿಗೆ ಹಿಂದಕ್ಕೆ ಸರಿಯುವ ದಾರಿಯೂ ಇರಲಿಲ್ಲ. ಇನ್ನು ಮುಂದೆ ಬ್ಲೌಸು, ಫಾಲು, ಪ್ಯಾಂಟಿನ ಜಿಪ್ಪು ಯಾವುದನ್ನೂ ತರಕೂಡದೆಂದು ಹಿಂದಿನ ದಿನವೇ ಬಾಗಿಲಿಗೆ ಬೋರ್ಡು ಹಾಕಿ, ಓಣಿಯ ಹೆಂಗಸರ ಬಟ್ಟೆಗಳನ್ನೆಲ್ಲ ಹೊಲಿಯದೆ ವಾಪಸ್ ಕೊಟ್ಟಿದ್ದರು.

ಈ ಆರ್ಡರು ಕೊಡಿಸಿದ್ದು ಎದುರುಮನೆಯ ಮಾಲತೇಶಪ್ಪ. ಶಿವಯೋಗಪ್ಪ ಅವರಿಗೆ ಬೀಗರು. ಆ ಹಕ್ಕಿನಿಂದ ಮಾಲತೇಶಪ್ಪ ಬೆಳಿಗ್ಗೆಯೇ ಬಂದು ಅಂಗಡಿಯ ಸ್ಟೂಲನ್ನು ಆಕ್ರಮಿಸಿದ್ದರು.

"ಇಳಿಸ್ಬೇಕಾದ್ದು ಎರಡಿಂಚು ತಾನೆ?" ಅಂದರು ಸಾಬ್. "ಪ್ಯಾಟರ್ನಿನ ಸುತ್ತ ಒಂದೊಂದಿಂಚು ಕತ್ತರಿಸಿದ್ರಾತು."

ಪ್ಯಾಟರ್ನು ಅವರ ಅಬ್ಬಾನ ಕಾಲದ್ದು, ರಟ್ಟಿನದು. ಅದನ್ನು ಕಾಗದದ ಮೇಲೆ ಬರೆದುಕೊಂಡು ಕತ್ತರಿಸಿ ಎಂದು ಹೆಂಡತಿ ದಿಲ್ಷಾದ್ ಬೇಗಂ ಒಳಗಿನಿಂದ ಹೇಳಿದರು. ಕಾಗದದ ಮೇಲೆ ಬರೆಯುವುದು ಕಲಿಯಲು ಬಂದವರ ಕೆಲಸವೆಂದು ಸಾಬ್ ಕತ್ತರಿಯನ್ನು ರಟ್ಟಿಗೇ ಇಟ್ಟರು. ಸುತ್ತ ಒಂದಿಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಎತ್ತರ ಸರಿಯಾಗಿ ಹನ್ನೆರಡಕ್ಕೆ ಬಂದು ನಿಂತಿತು. ಆದರೆ ಸೊಂಡಿಲಿನ ಅಗಲವೇ ಎರಡಿಂಚು. ಈ ಕಡೆಯ ಒಂದು, ಆ ಕಡೆಯ ಒಂದು ಹೋದ ಮೇಲೆ ಸೊಂಡಿಲಿದ್ದ ಜಾಗದಲ್ಲಿ ಗಾಳಿ ಉಳಿಯಿತು. ಬಾಲ ಅದಕ್ಕೂ ಮೊದಲೇ ಹೋಗಿತ್ತು. ಕಾಲುಗಳು ಊದಿನಕಡ್ಡಿಯಂತಾಗಿದ್ದವು. ಉದುರಿದ ಅಂಚುಗಳನ್ನು ದಿಲ್ಷಾದ್ ಬೇಗಂ ಗುಡಿಸಿ ಕಸದ ಗಾಡಿಗೆ ಹಾಕಿದರು.

ಮಾಲತೇಶಪ್ಪ ಉಳಿದ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಹೆಗ್ಗಣ ಬಾಳ ಚೆನ್ನಾಗಿ ಬಂದೈತೆ ಸಾಬ್ರೆ. ನಮ್ಮ ಬೀಗ್ರು ಕೇಳಿದ್ದು ಮಾತ್ರ ಆನೆ."

ಉಳಿದದ್ದು ಒಂದೇ ದಾರಿ: ಹೊಲಿದಿಟ್ಟಿದ್ದ ಒಂದೇ ಒಂದು ಆನೆಯನ್ನು ಬಿಚ್ಚಿ, ತುಂಡುಗಳನ್ನು ಅಳೆದು, ಎಲ್ಲ ಅಳತೆಯನ್ನೂ ಅರ್ಧ ಮಾಡುವುದು. ಅರ್ಧವೇ ಯಾಕೆಂದರೆ ಲೆಕ್ಕ ಸುಲಭ. ಪೇಟೆಗೆ ಹೋಗಿ ಬಟ್ಟೆ ತರುವಷ್ಟು ಹೊತ್ತಿಲ್ಲದ ಕಾರಣ ದೊಡ್ಡಾನೆಯ ಚರ್ಮದಲ್ಲೇ ಮರಿಯಾನೆ ಕತ್ತರಿಸಿದರು. ಸಾಬರು ಆನೆ ಕೊಯ್ಯುತ್ತಿದ್ದಾರೆಂಬ ಸುದ್ದಿ ಹಬ್ಬಿ, ಸರಸ್ವತಿ ನಗರದಿಂದ ಜನ ಆಟೋ ಮಾಡಿಕೊಂಡು ಬಂದರು. ಸುಳ್ಳಾದರೆ ಆಟೋದವರನ್ನು ಕೇಳಿ.

ಮರಿ ಸಿದ್ಧವಾಯಿತು, ಸೊಂಡಿಲೂ ಇತ್ತು. ಮೂರನೇ ಹಿಡಿ ಹತ್ತಿ ತುರುಕುವಾಗ ಹೊಟ್ಟೆ ಟರ್ರನೆ ಬಿರಿದು, ಹತ್ತಿ ಹಾರಿ ಮಾಲತೇಶಪ್ಪನವರ ಮೀಸೆ ಬೆಳ್ಳಗಾಯಿತು. ದಿಲ್ಷಾದ್ ಬೇಗಂ ಬಂದು ಬಿರಿದ ಅಂಚನ್ನು ಬೆರಳಲ್ಲಿ ಸವರಿದರು.

"ಆನೆ ಜೊತೆ ಹೊಲಿಗೆಗೆ ಬಿಡೋ ಬಟ್ಟೇನೂ ಅರ್ಧ ಮಾಡೀರಲ್ರಿ. ಆನೆ ಸಣ್ಣದಾತು ಅಂತ ಸೂಜಿ ಸಣ್ಣದಾಗ್ತೈತಾ?"

ನೆರೆದ ಹೆಂಗಸರು ನಕ್ಕರು, ಅದರಲ್ಲೂ ಬ್ಲೌಸು ವಾಪಸ್ ಪಡೆದವರು ಸ್ವಲ್ಪ ಜಾಸ್ತಿಯೇ. ಸಾಬರ ಒದ್ದಾಟ ನೋಡಲಾರದೆ ಮಾಲತೇಶಪ್ಪ ಮೀಸೆ ಒರೆಸುತ್ತ, ಮೊಬೈಲು ಹಿಡಿದು ಹೊರಗೆ ಹೋದರು.

ಎರಡನೇ ಮರಿಗೆ ಅಂಚಿನ ಬಟ್ಟೆಯನ್ನು ಕೈ ಬಿಚ್ಚಿ ಬಿಟ್ಟರು. ದೊಡ್ಡಾನೆಯ ಚರ್ಮದಲ್ಲಿ ಉಳಿದ ಚೂರುಪಾರು, ಬಿರಿದ ಮೊದಲ ಮರಿ, ಎಲ್ಲವನ್ನೂ ಇದರ ಹೊಟ್ಟೆಗೇ ತುರುಕಿದರು. ಏಳಿಂಚಿನ ಮರಿಯಾನೆ ಸೊಂಡಿಲೆತ್ತಿ ಎದ್ದು ನಿಂತಿತು. ಏನು ಚೆಲುವು ಅಂದರೆ, ಇನ್ನೊಂದು ನಿಮಿಷ ಬಿಟ್ಟಿದ್ದರೆ ಕಬ್ಬು ಕೇಳುತ್ತಿತ್ತು. ಸಾಬರ ಎದೆ ಹದಿನಾಲ್ಕಿಂಚು ಉಬ್ಬಿತು.

ಸಂಜೆ ಮೊಪೆಡ್ಡಿನ ಹಿಂದೆ ಮಾಲತೇಶಪ್ಪನವರನ್ನು, ಅವರ ತೊಡೆಯ ಮೇಲೆ ಆನೆಯನ್ನು ಕೂಡಿಸಿಕೊಂಡು ಸಾಬ್ ಹರಿಹರಕ್ಕೆ ಹಾರಿದರು. ಅಂಗಡಿಯಲ್ಲಿ ಮಂಗಳಾರತಿ ಆಗಷ್ಟೇ ಮುಗಿದಿತ್ತು. ಶಿವಯೋಗಪ್ಪ ಮರಿಯನ್ನು ನೋಡಿದರು, ಬೀಗರನ್ನು ನೋಡಿದರು, ಆಮೇಲೆ ಕಪಾಟಿನ ಕಡೆ ಕೈ ತೋರಿಸಿದರು. ಅದರ ಮುಂದೆ ಬಡಿಗೇರರೊಬ್ಬರು ಹೊಟ್ಟು ಗುಡಿಸುತ್ತಿದ್ದರು.

"ಮಧ್ಯಾಹ್ನ ಬೀಗ್ರು ಫೋನ್ ಮಾಡಿದ್ರು. ಸಾಬ್ರು ಬಾಳ ಒದ್ದಾಡ್ತಾ ಅದಾರೆ, ಆನೆ ಇಳಿಸೋದು ಬ್ಯಾಡ, ನೀವೇ ಕಪಾಟು ಏರಿಸ್ರಿ ಅಂದ್ರು. ಇದ್ದ ಹಲಗೆನೆಲ್ಲ ಕೀಳಿಸಿ, ಹದಿನೈದಿಂಚು ಮಾಡ್ಸೀನಿ. ನೀವು ಸುಂಡಿಲಿ ತಂದೀರಿ. ನನ್ನ ಆನೆ ಎಲ್ರಿ?"

ಸಾಬ್ ಮೆಲ್ಲಗೆ ಮಾಲತೇಶಪ್ಪನವರ ಕಡೆ ತಿರುಗಿದರು.

"ನೀವು ಕೆಲಸದಾಗ ಇದ್ರಿ," ಅಂದರು ಅವರು. "ಸುಮ್ನೆ ಯಾಕೆ ತೊಂದ್ರೆ ಕೊಡೋದಂತ ಹೇಳಲಿಲ್ಲ."

ಹೊಸ ಅಂತಸ್ತಿನಲ್ಲಿ ಇಟ್ಟು ನೋಡಿದರೆ ಮರಿಯಾನೆ ಕಲ್ಯಾಣ ಮಂಟಪದಲ್ಲಿ ಬಿದ್ದ ಶೇಂಗಾಬೀಜದಂತೆ ಕಂಡಿತು. ನಾಳೆ ಅಂಗಡಿ ತೆರೆಯುವಷ್ಟರಲ್ಲಿ ಹದಿನಾಲ್ಕಿಂಚಿನ ಆನೆ ಬರಬೇಕು, ಇಲ್ಲವೆಂದರೆ ಪ್ಲಾಸ್ಟಿಕ್ ಎಂದು ಹೇಳಿ ಶಿವಯೋಗಪ್ಪ ಇಬ್ಬರ ಕೈಗೂ ಪ್ರಸಾದ ಹಾಕಿದರು.

ದೊಡ್ಡಾನೆ ಸಣ್ಣಾನೆಯ ಹೊಟ್ಟೆಯಲ್ಲಿ, ಪ್ಯಾಟರ್ನು ಕಸದ ಗಾಡಿಯಲ್ಲಿ, ಬ್ಲೌಸುಗಳು ಬೇರೆ ಟೈಲರುಗಳ ಅಂಗಡಿಯಲ್ಲಿ. ಸಾಬ್ ಮರಿಯನ್ನು ಎತ್ತಿಕೊಂಡು ಮೊಪೆಡ್ಡು ಹತ್ತಿದರು. ಊರು ದಾಟಿದ ಮೇಲೆ ಮಾಲತೇಶಪ್ಪ ಹಿಂದಿನಿಂದ ಅವರ ಬೆನ್ನು ತಟ್ಟಿದರು.

"ಇದಕ್ಯಾಕೆ ಚಿಂತಿ ಸಾಬ್ರೆ. ಹೆಂಗೂ ಮರಿ ಐತಲ್ಲ, ಸುತ್ತ ಒಂದೊಂದಿಂಚು ಕೂಡಿಸ್ಕೊಂತ ಹೋದ್ರಾತು."