ಅಕ್ಕನ ರೊಟ್ಟಿಗೆ ಅಳತಿ ಎಷ್ಟ್ರಿ?

ತಾರಿಹಾಳದ ಒಂದು ವರ್ಕ್‌ಶಾಪಿನ್ಯಾಗ ಮೂವತ್ತು ವರ್ಷ ಲೇತ್ ಮಷಿನ್ ಮುಂದ ನಿಂತಾಂವ ನಾ. ಕೂದಲೆಳಿಯಷ್ಟು ಅಳತಿ ತಪ್ಪಿದ್ರೂ ಮಂದಿನ್ನ ಬೈತಿದ್ನಿ. ರಿಟಾಯರ್ ಆದ ಮ್ಯಾಲ ಮಾತ್ರ ನಾ ಹಿಡಿದ ಅಳತಿ ಒಂದೂ ನೆಟ್ಟಗ ಆಗವಲ್ದು. ಬೈಸಿಕೊಂಡವರ ಶಾಪ ಇರಬೇಕು.

ಸುರು ಆಗಿದ್ದು ನಮ್ಮ ಅಕ್ಕನಿಂದ. ಕಮರಿಪೇಟ್ಯಾಗ ಅಕಿದೊಂದು ಸಣ್ಣ ಖಾನಾವಳಿ. ಸಣ್ಣಾಂವ ಇದ್ದಾಗ ಅಕಿ ರೊಟ್ಟಿ ಬಡಿಯೋ ಪಟಪಟ ಸಪ್ಪಳಕ್ಕ ನಾ ಏಳ್ತಿದ್ನಿ. ಅವ್ವ ಹೋದ ಮ್ಯಾಲ ನನ್ನ ಬೆಳಸಿದ್ದು ಅದ ಕೈ. ಈಗ ಬಲಗೈ ಮಣಿಕಟ್ಟು ಬಾತು, "ಇನ್ನ ರೊಟ್ಟಿ ಬಡದ್ರ ಕೈ ಉಳಿಯೂದಿಲ್ಲ" ಅಂದ್ರು ಡಾಕ್ಟರು. ರೊಟ್ಟಿ ನಿಂತ್ರ ಖಾನಾವಳಿ ಮುಚ್ಚಿದಂಗ. ಅಕ್ಕ ಅತ್ತಿದ್ದು ನಾ ನೋಡಿದ್ದು ಅವತ್ತ.

"ಅಳಬ್ಯಾಡ, ರೊಟ್ಟಿ ಒತ್ತೋ ಮಷಿನ್ ಮನ್ಯಾಗ ನಾನ ಮಾಡ್ತೇನಿ" ಅಂದ್ನಿ. ಕಬ್ಬಣಾದ್ರ ಅಕಿಗೆ ಎತ್ತಾಕ ಭಾರ, ತುಕ್ಕು ಬ್ಯಾರೆ. ಅದಕ್ಕ ಗಾಜಿನಂಗ ಕಾಣೋ ದಪ್ಪನ್ನ ಅಕ್ರಿಲಿಕ್ ಕಡಿಸೂದಂತ ಠರಾಸಿದ್ನಿ.

೧. ಗೇಣು

"ಅಕ್ಕಾ, ನಿನ್ನ ರೊಟ್ಟಿ ಎಷ್ಟ ಅಗಲ?"

"ಒಂದ ಗೇಣು, ಮ್ಯಾಲ ಎರಡ ಬೆರಳು."

"ದಪ್ಪ?"

"ತೆಳ್ಳಗ."

"ತೆಳ್ಳಗ ಅಂದ್ರ ಎಷ್ಟ?"

"ಐವತ್ತು ವರ್ಷ ತಿಂದೀಯಲ್ಲೋ, ಗೊತ್ತಿಲ್ಲೇನು?"

ಗೇಣಿಟ್ಟು ರಟ್ಟು ದುಂಡಗ ಕತ್ತರಿಸಿದ್ನಿ. ಹಂಚಿನ ಮ್ಯಾಲಿಟ್ರ ಸುತ್ತೆಲ್ಲಾ ಹೊರಗ ಬಂತು. ಅಕ್ಕ ತನ್ನ ಕೈ ನನ್ನ ಕೈ ಮ್ಯಾಲಿಟ್ಟು ತೋರಿಸಿದ್ಲು. ಅಕಿ ಗೇಣು ನನ್ನದಕ್ಕಿಂತ ಎರಡು ಬೆರಳು ಸಣ್ಣದು. ಅಷ್ಟು ಸಣ್ಣ ಕೈ ಅಂತ ನನಗ ಅಲ್ಲೀತನಕ ಗೊತ್ತ ಇರಲಿಲ್ಲ.

"ಇಷ್ಟು ದೊಡ್ಡ ರೊಟ್ಟಿ ಬೇಯಿಸಾಕ ಬರೂದಿಲ್ಲೋ," ಅಂದ್ಲು, "ಹಂಚಿಗೆ ಹೊದಿಸಿ ಮಲಗಿಸಬೇಕು!"

೨. ಹತ್ತು

ಈ ಸಲ ಟೇಪ್ ಹಿಡಿದು ಹಂಚನ್ನ ಅಳದ್ನಿ. ಕಂಪ್ಯೂಟರ್ ಹಚ್ಚಿ ಅಕ್ರಿಲಿಕ್ ಕಡಿಯೋ ಅಂಗಡಿಗೆ ಹೋಗಿ ಚೀಟಿ ಬರ್ದು ಕೊಟ್ನಿ: "ದುಂಡನ್ನ ತಟ್ಟಿ ಎರಡು. ಅಗಲ ಹತ್ತು. ಸ್ಕ್ರೂಗೆ ನಾಕು ತೂತು." ನಾ ಕಲಿತ ಲೇತು ಇಂಚಿಂದು, ಹತ್ತು ಅಂದ್ರ ಹತ್ತಿಂಚು. ಅಂಗಡಿ ಮಾಲಕ ಕಲಿತಿದ್ದು ಮಿಲಿಮೀಟರ್.

ಮರುದಿನ ಒಂದು ಸಣ್ಣ ಕಾಗದದ ಪೊಟ್ಟಣ ಕೈಯಾಗಿಟ್ಟ.

"ತಟ್ಟಿ ಎಲ್ಲಿ?"

"ಅದರಾಗ ಅದಾವ್ರಿ. ಸಣ್ಣದಾತಂತ ನನಗೂ ಅನಿಸ್ತು. ಹಿರಿಯಾರು, ಕೇಳೂದು ಹೆಂಗಂತ ಸುಮ್ನಾದ್ನಿ."

ಮನ್ಯಾಗ ಅಕ್ಕ ಆ ಎರಡು ತಟ್ಟಿನೂ ಬೆಳಕಿಗೆ ಹಿಡಿದು ನೋಡಿದ್ಲು. "ಛಲೋ ಆತು ಬಿಡು. ನಿನ್ನ ಅಂಗಿದು ಎರಡ ಗುಂಡಿ ಹೋಗಿದ್ವು."

೩. ಮಾದರಿ

ಚೀಟಿ ಸಹವಾಸ ಸಾಕಂತ, ಅಕ್ಕ ಬಡದಿಟ್ಟಿದ್ದ ಒಣಗಿದ ಹಳೇ ಕಟಕ್ ರೊಟ್ಟಿನ ಅರಿವ್ಯಾಗ ಸುತಗೊಂಡು ಅದ ಅಂಗಡಿಗೆ ಒಯ್ದ್ನಿ. "ಇದರಷ್ಟ ಅಗಲ, ಕೂದಲೆಳಿ ತಪ್ಪಬಾರ್ದು ನೋಡಪಾ" ಅಂದು ಚಾ ಕುಡಿಯಾಕ ಹೋದ್ನಿ.

ತಿರುಗಿ ಬಂದ್ರ ಟೇಬಲ್ ಮ್ಯಾಲ ಅರ್ಧ ರೊಟ್ಟಿ. ಮಾಲಕನ ಮೀಸಿಗೆ ಶೇಂಗಾ ಚಟ್ನಿ.

"ಏನೋ ಇದು!"

"ದಪ್ಪ ನೋಡಾಕ ಮುರದ್ನಿರಿ. ಮುರದ ಮ್ಯಾಲ ತಡಕೊಳ್ಳಾಕ ಆಗಲಿಲ್ಲ. ಸಿಟ್ಟಾಗಬ್ಯಾಡ್ರಿ, ಅರ್ಧ ಉಳಿಸೇನಿ. ರೇಡಿಯಸ್ ಸಿಕ್ರ ಸಾಕ್ರಿ!"

೪. ಐದು ಬೆರಳು

ಅಂತೂ ಮಷಿನ್ ತಯಾರಾತು. ಹಿಡಿಕಿ ಒತ್ತಿದ್ರ ದುಂಡನ್ನ ರೊಟ್ಟಿ, ಒಂದರಂಗ ಇನ್ನೊಂದು. ನಾ ಉಬ್ಬಿ ಹೋದ್ನಿ.

ಅಮರಗೋಳದ ದಲಾಲಿ ಕಾಕಾ ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಉಣ್ಣಾಂವ. ರೊಟ್ಟಿ ತಿರುವಿ ನೋಡಿ ತಾಟು ಸರಿಸಿದ. "ಅಕ್ಕಾರ, ಇವು ಅಂಗಡ್ಯಾಗಿನವು. ನಿಮ್ಮ ಬೆರಳಿನ ಗುರುತ ಇಲ್ಲ. ಇದನ್ನ ತಿನ್ನಾಕ ಇಷ್ಟು ದೂರ ಯಾಕ ಬರ್ಲಿ?" ಅಂದು ಅರ್ಧಕ್ಕ ಎದ್ದು ಹೋದ. ಅವನ ಹಿಂದ ಮತ್ತ ಮೂರು ಮಂದಿ ಎದ್ರು.

ಅಕ್ಕ ಮಷಿನ್ನಿಗೆ ಹಳೇ ಸೀರಿ ಮುಚ್ಚಿ, ಬಾತ ಕೈಲೇ ಬಡಿಯಾಕ ಕುಂತ್ಲು. ಒಂದ ರೊಟ್ಟಿಗೆ ಮುಖ ಕಿವುಚಿದ್ಲು. ಅಲ್ಲಿಗ ಕೈ ಹಿಡಿದು ನಿಲ್ಲಿಸಿದ್ನಿ. ಖರೇ ಅಂದ್ರ, ಸಣ್ಣಾಂವ ಇದ್ದಾಗ ನಾನೂ ಆ ಬೆರಳಿನ ತಗ್ಗಿನ್ಯಾಗ ನಿಂತ ಎಣ್ಣಿ ಚಟ್ನಿನ ಮೊದಲು ನೆಕ್ಕತಿದ್ನಿ. ಅದನ್ನ ಮರತು ಮಷಿನ್ ಮಾಡಿದ್ನಿ.

ಅಕಿ ಬಡದ ಆ ಒಂದು ರೊಟ್ಟಿನ ಎತ್ತಿಟ್ಟು ತಗ್ಗುಗಳ ಅಳತಿ ತಗೊಂಡ್ನಿ. ಆಮ್ಯಾಲ ವರ್ನಿಯರ್ ಹಿಡಿದು ಬೆರಳನ್ನೂ ಅಳದ್ನಿ. "ಬಳಿಗಾರನೂ ನನ್ನ ಕೈ ಇಷ್ಟೊತ್ತು ಹಿಡದಿಲ್ಲೋ!" ಅಂತ ನಕ್ಕಳು. ಐದು ಬೆರಳ ತುದಿ ಅಕ್ರಿಲಿಕ್ಕಿನ್ಯಾಗ ಕಡಿಸಿ, ಅಂಚು ಉಜ್ಜಿ, ಮ್ಯಾಲಿನ ತಟ್ಟಿ ಒಳಮಗ್ಗಲಿಗೆ ಅಂಟಿಸಿದ್ನಿ.

ಕಾಕಾನ್ನ ಹೇಳಿ ಕರಸಿದ್ವಿ. ನಾ ಅಡಗಿಮನ್ಯಾಗ ಹಿಡಿಕಿ ಒತ್ತಾಕತ್ತಿದ್ನಿ. ಕೈಗೆ ಪಟ್ಟಿ ಕಟಗೊಂಡು ಅಕ್ಕ ಬಡಿಸಿದ್ಲು. ಕಾಕಾ ಗುರುತಿನ ಮ್ಯಾಲ ಬೆರಳಾಡಿಸಿದ. "ಹಾಂ, ಇದು ನೋಡ್ರಿ ಅಕ್ಕಾರ ಕೈ!" ಅಂದ. ನಾಕು ರೊಟ್ಟಿ ಹೊಡೆದ ಮ್ಯಾಲ ಅವನ ಕಣ್ಣು ಪಟ್ಟಿ ಮ್ಯಾಲ ಬಿತ್ತು.

"ಇಂಥಾ ಕೈಲೇ ಬಡದ್ರ್ಯಾ? ನನ್ನ ಸಲುವಾಗಿ?"

ಅಕ್ಕ ನಗಲಿಲ್ಲ. "ಏನ್ ಮಾಡೂದ್ರಿ ಕಾಕಾ, ನೀವು ಅರ್ಧಕ್ಕ ಎದ್ದು ಹೋದ್ರ ನನಗ ನಿದ್ದಿ ಬರೂದಿಲ್ಲ."

ಕಾಕಾನ ಕಣ್ಣಾಗ ನೀರು ಬಂತು. ಅಡಗಿಮನಿ ಕಡೆ ಮುಖ ಮಾಡಿ ನನ್ನ ಮ್ಯಾಲ ಒದರಿದ: "ಏ ತಮ್ಮಾ! ನಾಚಿಕಿ ಬರೂದಿಲ್ಲೇನು ನಿನಗ? ಅಕ್ಕನ ಕೈ ಹಿಂಗಾಗೇತಿ, ಒಂದು ಮಷಿನ್ ಮಾಡಿಕೊಡಬಾರದೇನೋ ಅಕಿಗೆ!"