ಎಂಜಲು ಸೈನ್ಯದ ಪರವಾಗಿ

ಕಂದಾಯ ಇಲಾಖೆಯ ನಿವೃತ್ತ ಗಿರ್ದಾವರರೂ, ನಾರಾಯಣಪೇಟೆಯ ನಮ್ಮ ಓಣಿಯ ಶ್ರೀ ಸೀತಾರಾಮ ದಸರಾ ಉತ್ಸವ ಸಮಿತಿಯ ಅಧ್ಯಕ್ಷರೂ, ಮಡಿ ಮೈಲಿಗೆಗಳ ವಿಷಯದಲ್ಲಿ ನಮ್ಮೆಲ್ಲರ ಕೊನೆಯ ಅದಾಲತ್ತೂ ಆದ ಶ್ರೀ ಜಯಸಿಂಹರಾಯರ ಸನ್ನಿಧಿಗೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ದೆಸೆಯಿಂದ ನಿಜವಾದ ಸಾಷ್ಟಾಂಗ ನನ್ನಿಂದಾಗದು, ಕಾಗದದ ಮೇಲಿನದನ್ನೇ ತಾವು ಒಪ್ಪಿಕೊಳ್ಳಬೇಕು. ತಾವೂ ತಮ್ಮ ಸಮಿತಿಯೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ಮಂಟಪದ ಹಿಂದಿನ ಉಗ್ರಾಣದಲ್ಲಿ ತಾವು ಬೀಗ ಹಾಕಿಟ್ಟಿರುವ ನೂರಾ ನಲವತ್ತಮೂರು ಸೈನಿಕರ ಕ್ಷೇಮಸಮಾಚಾರ ಮಾತ್ರ ತಿಳಿದುಬಂದಿಲ್ಲ. ಬರುವ ಗುರುವಾರ ಅವರನ್ನು ಆಟೋದಲ್ಲಿ ಹೇರಿಕೊಂಡು, ಮಕ್ತಲ್ ದಾಟಿ, ಕೃಷ್ಣಾ ನದಿಯಲ್ಲಿ ಮುಳುಗಿಸಬೇಕೆಂದು ಸಮಿತಿ ಠರಾವು ಮಾಡಿದೆ. ಅದರ ಪ್ರತಿ ನನ್ನ ಬಾಗಿಲಿಗೂ ಬಂತು. ಅಕ್ಷರ ಬಹಳ ದುಂಡಾಗಿದೆ. ಅದಕ್ಕೆ ಉತ್ತರವಾಗಿ ಈ ತಕರಾರು ಸಲ್ಲಿಸುತ್ತಿದ್ದೇನೆ. ಓಣಿಯವರೂ ಓದಲೆಂದು ಇನ್ನೊಂದು ಪ್ರತಿಯನ್ನು ಮಂಟಪದ ಬೋರ್ಡಿಗೆ ಅಂಟಿಸಿದ್ದೇನೆ.

ಈ ಸೈನಿಕರು ಯಾರೆಂದು ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ಇವರು ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಪ್ಲಾಸ್ಟಿಕ್ ಜನ. ಮೇಜಿನ ಮೇಲೆ ಇವರನ್ನು ಎದುರುಬದುರು ನಿಲ್ಲಿಸಿ, ಟೇಪಿನಿಂದ ದೂರ ಅಳೆದು, ದಾಳ ಉರುಳಿಸಿ ಯುದ್ಧ ಆಡುತ್ತಾರೆ. ಅಂಗಡಿಯಿಂದ ಬರುವಾಗ ತಲೆ ಒಂದು ಕಡೆ, ಕೈ ಒಂದು ಕಡೆ, ಕತ್ತಿ ಮತ್ತೊಂದು ಕಡೆ, ಎಲ್ಲವೂ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಉಗುರು ಕತ್ತರಿಸುವ ಕಟರಿನಿಂದ ಒಂದೊಂದನ್ನೇ ಬಿಡಿಸಿ, ಅಂಚು ಉಜ್ಜಿ, ಅಂಟು ಹಚ್ಚಿ ಜೋಡಿಸಿ, ಮಹಡಿಯ ಮೇಲೆ ಗಾಳಿಯಿಲ್ಲದ ಹೊತ್ತು ನೋಡಿ ಕಪ್ಪು ಬಣ್ಣ ಸಿಂಪಡಿಸಿ, ಆಮೇಲೆ ಮುಖ, ಅಂಗಿ, ಪಟ್ಟಿ, ಗುಂಡಿಗಳಿಗೆ ಬಣ್ಣ ಹಾಕಬೇಕು. ಒಬ್ಬನಿಗೆ ಮೂರು ದಿನ ಬೇಕು. ನನ್ನ ಸೇನಾಪತಿಗೆ ಹದಿನೇಳು ದಿನ ಹಿಡಿಯಿತು, ಏಕೆಂದರೆ ಅವನ ಮೇಲುಹೊದಿಕೆಗೆ ನಮ್ಮೂರಿನ ಸೀರೆಯ ಚೌಕುಳಿಯನ್ನೂ ಸಾಸಿವೆ ಬಣ್ಣದ ಅಂಚನ್ನೂ ಬರೆದೆ.

ಗದ್ವಾಲಿನ ಖಾಸಗಿ ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು ಮೂವತ್ತೊಂದು ವರ್ಷ ದುಡಿದೆ. ಅದು ಮುಚ್ಚಿದ ಮೇಲೆ ಈ ಕೈಗಳಿಗೆ ಕೆಲಸವಿಲ್ಲದೆ, ಸಾರಿನ ಮೇಲಿನ ಸಾಸಿವೆ ಎಣಿಸುತ್ತ ಕೂರುವ ಸ್ಥಿತಿ ಬಂದಿತ್ತು. ಆಗ ನನಗೆ ಈ ಹುಚ್ಚು ಹತ್ತಿತು. ಅದೇ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಚನ್ನವೀರಮ್ಮನಿಗೂ ನಾನೇ ಹತ್ತಿಸಿದೆ. ಆಕೆ ಈಗ ಮಕ್ತಲ್‌ನಲ್ಲಿ ಹತ್ತಿಬೀಜದ ಅಂಗಡಿ ನೋಡಿಕೊಳ್ಳುತ್ತಾಳೆ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಹತ್ತೂವರೆಯ ಬಸ್ಸಿಗೆ, ತನ್ನ ಅರವತ್ತು ಮಂದಿಯನ್ನು ಟಿಫಿನ್ ಕ್ಯಾರಿಯರಿನ ಡಬ್ಬಿಗಳಲ್ಲಿ ಹತ್ತಿ ಹಾಸಿ ಮಲಗಿಸಿಕೊಂಡು ನಮ್ಮ ಮನೆಗೆ ಬರುತ್ತಾಳೆ, ನನ್ನ ಎಂಬತ್ತಮೂರು ಮಂದಿಯನ್ನು ಸೋಲಿಸಲು ನೋಡುತ್ತಾಳೆ, ಬಹಳ ಸಲ ಸೋಲಿಸುತ್ತಾಳೆ. ಇಬ್ಬರು ಮುದುಕಿಯರು ಗೊಂಬೆಯಾಟ ಆಡುತ್ತಾರೆಂದು ಓಣಿ ನಕ್ಕದ್ದು ನಮಗೆ ಕೇಳಿಸಿದೆ. ನಕ್ಕವರಿಗೆ ಚಹಾ ಕೊಟ್ಟು ಕಳಿಸಿದ್ದೇವೆ.

ಹೀಗಿರುವಾಗ ಭಾದ್ರಪದದಲ್ಲಿ ತಾವೇ ನಮ್ಮ ಮನೆಯ ಹೊಸ್ತಿಲು ತುಳಿದು, ಈ ಸಲ ದಸರೆಯ ಮಂಟಪದಲ್ಲಿ ಲಂಕಾಯುದ್ಧದ ದೃಶ್ಯ ಇಡಬೇಕೆಂದೂ, ಹೈದರಾಬಾದಿನಿಂದ ಗೊಂಬೆ ತರಿಸಿದರೆ ದುಬಾರಿಯೆಂದೂ, ನಮ್ಮ ಸೈನ್ಯವನ್ನು ಒಂಬತ್ತು ದಿನಕ್ಕೆ ಕೊಟ್ಟರೆ ಪುಣ್ಯವೆಂದೂ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪುಣ್ಯ ಎಂದ ಮೇಲೆ ಇಲ್ಲವೆನ್ನುವುದು ಹೇಗೆ? ನನ್ನವರು ಬಾಲವಿರುವ ಇಲಿಮುಖದ ಯೋಧರು; ಅವರ ಮೂತಿ ಉಜ್ಜಿ, ಮೇಣದಂಥ ಗಟ್ಟಿ ಅಂಟಿನಿಂದ ದವಡೆ ಕೂರಿಸಿ ವಾನರರನ್ನಾಗಿ ಮಾಡಿದೆ. ಚನ್ನವೀರಮ್ಮನ ಹಸಿರು ಮೈಯ ಕೋರೆಹಲ್ಲಿನವರಿಗೆ ಏನೂ ಮಾಡಬೇಕಾಗಿರಲಿಲ್ಲ, ಅವರು ಬರುವಾಗಲೇ ರಾಕ್ಷಸರಾಗಿಯೇ ಬಂದಿದ್ದರು. ಮರಳಿನ ಲಂಕೆ ಕಟ್ಟಿದೆವು. ಉಂಡವಳ್ಳಿಯಿಂದ ಬಂದ ನಮ್ಮ ಬಂಧುಗಳೂ ಫೋಟೋ ತೆಗೆದುಕೊಂಡು ಹೋದರು. ತಾವು ಪ್ರತಿ ಸಂಜೆ ಬಂದವರಿಗೆಲ್ಲ ಇದು ಸಮಿತಿಯ ಸ್ವಂತ ಯೋಜನೆ ಎಂದು ವಿವರಿಸುತ್ತಿದ್ದ ರೀತಿ ಎಷ್ಟು ಸೊಗಸಾಗಿತ್ತೆಂದರೆ, ಎರಡನೆಯ ದಿನದ ಹೊತ್ತಿಗೆ ನಾನೂ ಅದನ್ನು ನಂಬಿದ್ದೆ.

ಆಯುಧಪೂಜೆಯ ದಿನ ತಾವು ಇವರೆಲ್ಲರ ಕೈಯಲ್ಲಿ ಆಯುಧವಿರುವುದನ್ನು ಗಮನಿಸಿದಿರಿ. ಆ ಸೂಕ್ಷ್ಮ ದೃಷ್ಟಿಗೆ ಏನೆನ್ನಲಿ? ನೂರಾ ನಲವತ್ತಮೂರು ತಲೆಗಳ ಮೇಲೆ ಕುಂಕುಮ ಬಿತ್ತು. ನನ್ನ ಸೇನಾಪತಿಯ ಹೊದಿಕೆಯ ಮೇಲೆ ಅರಿಶಿನದ ನೀರು ಇಳಿದು, ಹದಿನೇಳು ದಿನದ ಚೌಕುಳಿ ಒಂದೇ ಹಳದಿಯಾಯಿತು. ರಾವಣನ ಪಾಳೆಯಕ್ಕೂ ಮಂಗಳಾರತಿಯಾದದ್ದು ನಮ್ಮ ಓಣಿಯಲ್ಲಿ ಇದೇ ಮೊದಲಿರಬೇಕು. ಆಗಲೂ ನಾನು ತುಟಿ ಬಿಚ್ಚಲಿಲ್ಲ.

ತುಟಿ ಬಿಚ್ಚಿದ್ದು ಮಾರನೆಯ ಬೆಳಿಗ್ಗೆ. ಆರತಿ ತಟ್ಟೆ ತಾಗಿ ಒಬ್ಬ ವಾನರನ ಕೈ ಮುರಿದಿತ್ತು. ಮಂಟಪದಲ್ಲೇ ಕೂತು ಅಂಟಿಸಿ, ಬಣ್ಣದ ಡಬ್ಬಿ ತೆರೆದು, ಕುಂಚದ ತುದಿಯನ್ನು ತುಟಿಗಳ ನಡುವೆ ಹಿಡಿದು ಚೂಪು ಮಾಡಿಕೊಂಡೆ. ಈ ಹವ್ಯಾಸದವರೆಲ್ಲ ಮಾಡುವುದೇ ಹೀಗೆ. ನೀರಿನಲ್ಲಿ ಅದ್ದಿದ ಕುಂಚದ ಕೂದಲು ಬಾಚದ ಜಡೆಯಂತೆ ಸೀಳುತ್ತದೆ, ಬಾಯಿಯ ತೇವಕ್ಕೆ ಮಾತ್ರ ಒಂದಾಗಿ ನಿಲ್ಲುತ್ತದೆ. ಆ ತುದಿಯಿಲ್ಲದೆ ಅಕ್ಕಿಕಾಳಿನಷ್ಟು ಮುಖದಲ್ಲಿ ಕಣ್ಣು ಬರೆಯಲು ಬರುವುದಿಲ್ಲ. ಬರೆದರೆ ಯೋಧ ಮೆಳ್ಳಗಣ್ಣಿನವನಾಗುತ್ತಾನೆ. ಅಷ್ಟರಲ್ಲಿ ತಮ್ಮ ಕಾರ್ಯದರ್ಶಿ ಭಾರ್ಗವ ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟ.

"ಅಕ್ಕಾರ, ಕುಂಚ ಬಾಯಾಗ ಇಟ್ಕೊಂಡ್ರಲ್ರಿ. ಇವೆಲ್ಲಾ ಎಂಜಲ ಆಗ್ಲಿಲ್ಲೇನ್ರಿ?"

ಎಂಜಲು. ಅರವತ್ತೊಂದು ವರ್ಷ ಈ ಓಣಿಯಲ್ಲೇ ಬದುಕಿದ ನನಗೆ, ನಾನು ತೊಟ್ಟಿಲಲ್ಲಿ ತೂಗಿದ ಹುಡುಗನ ಬಾಯಿಂದ ಆ ಮಾತು ಬಂದಾಗ ಸುತ್ತ ಇಪ್ಪತ್ತು ಜನ ಇದ್ದರು. ಅವಮಾನವಾಯಿತು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯ ನನಗಿಲ್ಲ.

ಮೂರು ದಿನದ ಮೇಲೆ ಸಭೆ ಸೇರಿತು. ಅಲ್ಲಿ ತಮ್ಮ ಬುದ್ಧಿಯ ಪ್ರಖರತೆ ನೋಡಿ ನಾನು ಬಾಗಿಲ ಬಳಿ ನಿಂತಲ್ಲೇ ಬೆರಗಾದೆ. ಪೂಜೆಗೊಂಡ ವಸ್ತುವನ್ನು ಆಟಕ್ಕೆ ಮರಳಿ ಕೊಡುವಂತಿಲ್ಲ ಎಂದಿರಿ. ಎಂಜಲಾದ ವಸ್ತುವನ್ನು ಮಂಟಪದಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿದಿರಿ. ಕೊಡಲೂ ಆಗದ ಇಡಲೂ ಆಗದ ಈ ಸರಕಿಗೆ ಕೃಷ್ಣೆಯೇ ಗತಿ ಎಂದು ಹುಕುಂ ಆಯಿತು. ಒಂದೇ ವಸ್ತು ನೈವೇದ್ಯದಷ್ಟು ಪವಿತ್ರವೂ ಉಂಡೆದ್ದ ಎಲೆಯಷ್ಟು ಮೈಲಿಗೆಯೂ ಆಗಬಹುದೆಂದು ಕಂಡುಹಿಡಿದ ತಮ್ಮನ್ನು ಸರಕಾರ ಬರೀ ಗಿರ್ದಾವರರನ್ನಾಗಿ ಇಟ್ಟುಕೊಂಡಿದ್ದು ನಷ್ಟವೇ ಸರಿ. ಆ ಠರಾವು ಬರೆಸುವಾಗ ಪುಸ್ತಕದ ಹಾಳೆ ತಿರುವಲು ತಾವು ತೋರುಬೆರಳನ್ನು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಿರಿ. ನಾನು ಎಣಿಸಿದೆ, ಹನ್ನೊಂದು ಸಲ. ಠರಾವಿನ ಹಾಳೆಗೂ ಒಮ್ಮೆ.

ಇದನ್ನು ದೂರೆಂದು ಭಾವಿಸಬಾರದು. ತಿಳಿದುಕೊಳ್ಳುವ ಆಸೆಯಿಂದ ಕೇಳುತ್ತಿದ್ದೇನೆ. ಮಂಟಪದಲ್ಲಿ ಸೀತಮ್ಮನಿಗೆ ಉಡಿಸಿದ ಸೀರೆಗೆ ಫಾಲು ಹೊಲಿದ ಟೇಲರ್ ಶ್ರೀರಾಮುಲು ಸೂಜಿಗೆ ದಾರ ಪೋಣಿಸುವ ಮೊದಲು ಅದರ ತುದಿಯನ್ನು ಎಲ್ಲಿ ಒದ್ದೆ ಮಾಡುತ್ತಾನೆ? ಆರತಿಯ ಹೊತ್ತಿನ ಶಂಖವನ್ನು ಭಾರ್ಗವ ಮೂಗಿನಿಂದ ಊದುತ್ತಾನೆಯೇ? ಇನ್ನು ನನ್ನ ಬಾಯಿಯ ವಿಷಯಕ್ಕೆ ಬಂದರೆ, ಪ್ರಯೋಗಾಲಯಕ್ಕೆ ಯಂತ್ರ ಬರುವ ಮುಂಚಿನ ವರ್ಷಗಳಲ್ಲಿ ರಕ್ತವನ್ನು ಗಾಜಿನ ಸಣ್ಣ ನಳಿಗೆಯಲ್ಲಿ ಬಾಯಿಂದಲೇ ಎಳೆದು ಅಳೆಯುತ್ತಿದ್ದೆವು. ಗದ್ವಾಲಿನವರದು, ಕೆ.ಟಿ. ದೊಡ್ಡಿಯವರದು, ನಮ್ಮ ಓಣಿಯವರದು, ಎಲ್ಲರದೂ. ತಮ್ಮದೂ ಎರಡು ಸಲ ಬಂದಿತ್ತು. ಆಗ ಈ ಬಾಯಿಯ ಬಗ್ಗೆ ಯಾರೂ ಠರಾವು ಮಾಡಲಿಲ್ಲ, ಸಕ್ಕರೆ ಎಷ್ಟಿದೆ ಎಂದಷ್ಟೇ ಕೇಳಿ ವರದಿಯನ್ನು ಕಣ್ಣಿಗೊತ್ತಿಕೊಂಡು ಹೋದರು.

ಆದರೂ ಸಮಿತಿಯ ಮಾತು ಮೀರುವವಳು ನಾನಲ್ಲ. ಕೆಲವು ವಿನಂತಿಗಳಿವೆ. ಮುಂದೆ ನಾನು ಬಣ್ಣ ಹಾಕುವಾಗ ಸಮಿತಿಯ ಸದಸ್ಯರೊಬ್ಬರು ಸರದಿಯಂತೆ ಮಡಿಯುಟ್ಟು ಪಕ್ಕದಲ್ಲಿ ನಿಂತು, ನನ್ನ ತುಟಿ ತೆರೆದಾಗಲೆಲ್ಲ ಉದ್ಧರಣೆಯಿಂದ ಕುಂಚಕ್ಕೆ ಒಂದು ಹನಿ ತೀರ್ಥ ಬಿಡುವ ಏರ್ಪಾಡಾಗಬೇಕು. ಒಬ್ಬ ಯೋಧನಿಗೆ ಸುಮಾರು ನಾನ್ನೂರು ಸಲ ಬೇಕಾದೀತು, ಮಧ್ಯಾಹ್ನದ ಊಟ ನಮ್ಮಲ್ಲೇ ಆಗಲಿ. ಮುಳುಗಿಸುವ ಬದಲು ಪಂಚಗವ್ಯದಿಂದ ಶುದ್ಧಿ ಮಾಡುವುದಾದರೆ ಅದನ್ನು ಒಂದಕ್ಕೆ ಎರಡು ನೀರು ಬೆರೆಸಿ ತೆಳುವಾಗಿ ಹಚ್ಚಬೇಕು, ಗಟ್ಟಿಯಾದರೆ ಮೂಗು ಬಾಯಿಯ ಗೆರೆಗಳು ಮುಚ್ಚಿಹೋಗುತ್ತವೆ. ಮುಳುಗಿಸಿಯೇ ತೀರುವುದಾದರೆ ಇವರು ಮುಳುಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸುವುದು ನನ್ನ ಧರ್ಮ, ಏಕೆಂದರೆ ಕಾಲಡಿಯ ಬಿಲ್ಲೆ ಟೊಳ್ಳು. ವಾನರರೂ ರಾಕ್ಷಸರೂ ಕೂಡಿ ತೇಲುತ್ತ ಹೋಗಿ ಜೂರಾಲ ಅಣೆಕಟ್ಟಿನ ಗೇಟಿಗೆ ಮುತ್ತಿಗೆ ಹಾಕಿದರೆ ಅಲ್ಲಿಯ ಇಂಜಿನಿಯರಿಗೆ ಜವಾಬು ಕೊಡಬೇಕಾದವರು ತಾವು. ಆದ್ದರಿಂದ ಒಬ್ಬೊಬ್ಬರ ಸೊಂಟಕ್ಕೂ ಒಂದೊಂದು ಕಲ್ಲು ಕಟ್ಟಿಸಬೇಕು. ನೂರಾ ನಲವತ್ತಮೂರು ಗಂಟುಗಳು. ದಾರ ತೆಳುವಾದದ್ದು, ಹಲ್ಲಿನಿಂದ ಕಚ್ಚಿ ತುಂಡರಿಸಬಾರದೆಂದು ಸದಸ್ಯರಿಗೆ ಎಚ್ಚರಿಕೆ ಹೇಳಿ.

ಚನ್ನವೀರಮ್ಮನಿಗೆ ಫೋನಿನಲ್ಲಿ ಠರಾವು ಓದಿ ಹೇಳಿದೆ. ತನ್ನ ಅರವತ್ತು ಮಂದಿ ಹೋಗುತ್ತಾರೆಂದು ಆಕೆ ಕೂಗಾಡಬಹುದೆಂದುಕೊಂಡಿದ್ದೆ. ಆಕೆ ಒಂದೇ ಮಾತು ಹೇಳಿದಳು.

"ನೀ ಬಾಯಿ ಹಚ್ಚಿದ್ದಕ್ಕs ಅವಕ್ಕ ಜೀವ ಬಂದೈತಿ. ಅವ್ರಿಗೇನ್ ಗೊತ್ತೈತಿ ಬಿಡು."

ಕಳೆದ ಭಾನುವಾರ ಆಕೆ ಬರಿಗೈಯಲ್ಲೇ ಹತ್ತೂವರೆಯ ಬಸ್ಸಿಗೆ ಬಂದಳು. ಮೇಜಿನ ಮೇಲೆ ಟೇಪು, ದಾಳ, ನಿಯಮದ ಪುಸ್ತಕ ಎಲ್ಲ ಇದ್ದವು. ಸೈನಿಕರ ಬದಲು ಅಂಗಿಯ ಗುಂಡಿಗಳನ್ನು ಇಟ್ಟು ಆಡಿ ನೋಡಿದೆವು, ಅರ್ಧ ತಾಸಿಗೆ ಬಿಟ್ಟೆವು. ಆಮೇಲೆ ಇಬ್ಬರೂ ಸೊಸೆಯಂದಿರ ಬಗ್ಗೆ, ಸಂಧಿವಾತದ ಬಗ್ಗೆ ಮಾತಾಡಿದೆವು. ಓಣಿಯ ಬೇರೆ ಹೆಂಗಸರು ಮಾತಾಡುವುದನ್ನೇ ಮಾತಾಡಿದೆವು. ಮೂರು ಗಂಟೆಯ ಬಸ್ಸಿಗೆ ಆಕೆ ಎದ್ದು ಹೊರಟಳು. ಹಿಂದೆಲ್ಲ ಆರರ ಬಸ್ಸು ತಪ್ಪೀತೆಂದು ಓಡುತ್ತಿದ್ದವಳು. ಮುಂದಿನ ವಾರ ಬರುತ್ತೇನೆಂದು ಹೇಳಲಿಲ್ಲ. ತಾವು ನದಿಗೆ ಹಾಕಲು ಹೊರಟಿರುವುದು ನಮ್ಮ ಈ ಭಾನುವಾರಗಳನ್ನು. ಗೊಂಬೆಗಳನ್ನು ಇನ್ನೂ ನಾಲ್ಕು ವರ್ಷ ಕೂತು ಮಾಡಬಹುದೇನೋ, ಆದರೆ ನನ್ನ ಕೈ ಈಗಲೇ ಸಂಜೆಯ ಹೊತ್ತಿಗೆ ನಡುಗುತ್ತದೆ.

ಆದ್ದರಿಂದ ಸೈನ್ಯವನ್ನು ಬುಧವಾರದೊಳಗೆ ಮರಳಿಸಬೇಕೆಂದೂ, ಇಪ್ಪತ್ತು ಜನರ ಎದುರು ಅಂದ ಮಾತನ್ನು ಇಪ್ಪತ್ತು ಜನರ ಎದುರೇ ಹಿಂದಕ್ಕೆ ಪಡೆಯಬೇಕೆಂದೂ ಕೋರುತ್ತೇನೆ. ಕುಂಕುಮವನ್ನು ನಾನೇ ತೊಳೆದುಕೊಳ್ಳುತ್ತೇನೆ.

ಗುರುವಾರದವರೆಗೆ,
ತಮ್ಮ ವಿಶ್ವಾಸಿ,
ರಾಧಾಬಾಯಿ

ತಾ.ಕ.: ಸಹಿ ಮಾಡಿದ ಮೇಲೆ ಇದೊಂದು ನೆನಪಾಯಿತು. ಶ್ರಾವಣದ ಒಂದು ಮಧ್ಯಾಹ್ನ ತಾವು ಮಂಟಪದ ಮರದ ರಾಮದೇವರನ್ನು ಹೊಸ ಪಂಚೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ತಂದಿರಿ. ಕಣ್ಣಿನ ಬಣ್ಣ ಪೂರ್ತಿ ಎದ್ದುಹೋಗಿತ್ತು. ರಾಯಚೂರಿನಿಂದ ಚಿತ್ರಗಾರರನ್ನು ಕರೆಸಲು ವೇಳೆಯಿಲ್ಲ, ನೀವೇ ಬರೆದುಕೊಡಿ, ಯಾರಿಗೂ ಹೇಳಬೇಡಿ ಎಂದಿರಿ. ಇವತ್ತಿನವರೆಗೆ ನಾನು ಹೇಳಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತ ಎರಡು ತಾಸು ಕೂತು ನೋಡಿದಿರಿ. ಕುಂಚ ನನ್ನ ಬಾಯಿಗೆ ಎಷ್ಟು ಸಲ ಹೋಯಿತೆಂದು ತಮಗಿಂತ ಚೆನ್ನಾಗಿ ಯಾರೂ ಹೇಳಲಾರರು. ಮುಗಿದಾಗ ತಮ್ಮ ಕಣ್ಣು ಒದ್ದೆಯಾಗಿತ್ತು. "ರಾಧಾಬಾಯಾರೇ, ದೇವ್ರು ನನ್ನs ನೋಡಾಕತ್ತಾನ್ರಿ" ಎಂದಿರಿ. ಗುರುವಾರದ ಆಟೋದಲ್ಲಿ ಅವನಿಗೂ ಜಾಗ ಇಟ್ಟುಕೊಳ್ಳಿ.